ಮಲೆನಾಡಿನ ಮನೆಗೆ ಕೈಯಲ್ಲಿ ತಿರುಗಿಸೋ ಗ್ರೈಂಡರೇ ಸರಿ

ಕಾಫಿ ಗ್ರೈಂಡರ್ ತಗೋಬೇಕು, ಕೈಯಲ್ಲಿ ತಿರುಗಿಸೋದಾ, ಕರೆಂಟಿನದ್ದಾ ಎಂದು ಈಚೆಗೆ ನೆಂಟರು, ಸ್ನೇಹಿತರು ಕೇಳುತ್ತಲೇ ಇದ್ದಾರೆ. ಕೇಳಿದವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಾದರೆ ನನ್ನ ಉತ್ತರ ಒಂದೇ. ಕೈಯಲ್ಲಿ ತಿರುಗಿಸೋದನ್ನೇ ತಗೊಳ್ಳಿ.

ಮೊದಲು ಮಿಕ್ಸಿ ವಿಷಯ ಮುಗಿಸಿಬಿಡೋಣ. ಮಿಕ್ಸಿ ಬ್ಲೇಡು ನಿಮಿಷಕ್ಕೆ ಸುಮಾರು 18,000–20,000 ಸುತ್ತು ತಿರುಗಿ ಬೀಜವನ್ನು ಚಚ್ಚಿ ಹಾಕುತ್ತದೆ. ಒಂದಿಷ್ಟು ಧೂಳಾಗುತ್ತದೆ, ಒಂದಿಷ್ಟು ನುಚ್ಚಾಗಿಯೇ ಉಳಿಯುತ್ತದೆ. ಧೂಳು ಫಿಲ್ಟರಿನ ತೂತು ಕಟ್ಟುತ್ತದೆ, ಇಳಿದ ಡಿಕಾಕ್ಷನ್ ಕಹಿ. ನುಚ್ಚಿನಲ್ಲಿದ್ದ ರುಚಿ ಚರಟದ ಜೊತೆ ಗಿಡದ ಬುಡ ಸೇರುತ್ತದೆ. ಪುಡಿ ಒಂದೇ ಸಮ ಬರಬೇಕಾದರೆ ಬೀಜ ಎರಡು ಹಲ್ಲುಗಳ ನಡುವೆ ನುರಿಯಬೇಕು. ಬರ್ ಗ್ರೈಂಡರ್ ಅಂತಾರಲ್ಲ, ಅದು. ನಾವು ದುಡ್ಡು ಕೊಡಬೇಕಾದ್ದು ಆ ಹಲ್ಲಿಗೆ. ಐದಾರು ಸಾವಿರಕ್ಕೆ ಒಳ್ಳೆ ಸ್ಟೀಲ್ ಹಲ್ಲಿನ ಕೈ ಗ್ರೈಂಡರ್ ಬರುತ್ತದೆ. ಕರೆಂಟಿನದ್ದರಲ್ಲಿ ಅಷ್ಟೇ ಒಳ್ಳೆ ಪುಡಿ ಬೇಕೆಂದರೆ ಮೋಟಾರಿಗೂ ಸೇರಿಸಿ ಇನ್ನೂ ಜಾಸ್ತಿ ತೆರಬೇಕು.

ಇನ್ನು ನಮ್ಮ ಮಳೆಗಾಲ. ಆಷಾಢದಲ್ಲಿ ಡಬ್ಬಿ ಎಷ್ಟು ಬಿಗಿ ಮುಚ್ಚಿದರೂ ದಿನಾ ತೆಗೆದು ಹಾಕೋದರಲ್ಲೇ ಪುಡಿ ಥಂಡಿ ಎಳೆದುಕೊಳ್ಳುತ್ತದೆ. ಚಿಕೋರಿ ಇದ್ದರಂತೂ ಗಂಟೇ ಕಟ್ಟುತ್ತದೆ. ಹುರಿದ ಬೀಜ ಅಷ್ಟು ಬೇಗ ಕೆಡುವುದಿಲ್ಲ. ಹಾಗಾಗಿ ಆಯಾ ಹೊತ್ತಿನ ಪುಡಿ ಆಯಾ ಹೊತ್ತಿಗೇ ಮಾಡಿಕೊಳ್ಳಬೇಕು. ಸರಿಯಾಗಿ ಅದೇ ಕಾಲಕ್ಕೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿರುತ್ತದೆ. ಎರಡನೇ ದಿನಕ್ಕೆ ಇನ್ವರ್ಟರೂ ಕೈಕೊಡುತ್ತದೆ. ಆಗುಂಬೆ, ಹುಲಿಕಲ್ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮನೆ ಬೀಜದ ಕಾಫಿ ಕುಡಿಯುವವರಿಗೆ ಇನ್ನೊಂದು ಮಾತು. ಅಡಿಕೆ ತೋಟದ ಮಧ್ಯದ ಕಾಫಿ ಹಣ್ಣನ್ನು ಅಂಗಳದಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಬಾಣಲೆಯಲ್ಲಿ ಹುರಿದುಕೊಳ್ಳುತ್ತೇವೆ ಅಲ್ವಾ? ಎಷ್ಟೇ ಕೇರಿ ಆರಿಸಿದರೂ ಎಲ್ಲೋ ಒಂದು ಸಣ್ಣ ಕಲ್ಲು ಉಳಿದಿರುತ್ತದೆ. ಕೈಯಲ್ಲಿ ತಿರುಗಿಸುವಾಗ ಹಿಡಿ ಟಕ್ಕಂತ ನಿಲ್ಲುತ್ತದೆ. ಒಂದು ಸುತ್ತು ಹಿಂದಕ್ಕೆ ತಿರುಗಿಸಿ, ಬೀಜ ತಟ್ಟೆಗೆ ಸುರಿದು, ಕಲ್ಲು ಹೆಕ್ಕಿದರಾಯಿತು. ಮೋಟಾರಾದರೆ ನಾವು ಸ್ವಿಚ್ ಆರಿಸುವಷ್ಟರಲ್ಲಿ ಹಲ್ಲು ಮುಕ್ಕಾಗಿರಬಹುದು. ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ.

ಕೈ ನೋಯಲ್ವಾ ಅಂತ ಕೇಳುತ್ತಾರೆ. ಫಿಲ್ಟರ್ ಕಾಫಿಗೆ ನಾವು ಕಪ್ಪಗೇ ಹುರಿಯುತ್ತೇವೆ. ಅಂಥ ಬೀಜ ಗರಿಗರಿ, ಸುಲಭವಾಗಿ ನುರಿಯುತ್ತದೆ. ನಸುಗಂದು ಹುರಿದದ್ದೇ ಗಟ್ಟಿ. ಇಬ್ಬರಿಗೆ ಸಾಕಾಗುವ 20 ಗ್ರಾಂ ಬೀಜಕ್ಕೆ ಒಂದು ನಿಮಿಷದ ಆಸುಪಾಸು ಹಿಡಿಯುತ್ತದೆ. ನಮ್ಮನೆಯಲ್ಲಿ ನಾಲ್ಕು ಜನ, ಎರಡು ಸಲ ತುಂಬಬೇಕು. ಅಮ್ಮನಿಗೆ ಮಣಿಕಟ್ಟಿನ ನೋವು, ಹಾಗಾಗಿ ಬೆಳಗ್ಗೆ ತಿರುಗಿಸೋದು ನನ್ನ ಕೆಲಸ. ತಿರುಗಿಸಲು ಯಾರೂ ಇಲ್ಲದ ಮನೆ, ಅಥವಾ ಅಡಿಕೆ ಕೊಯ್ಲಿನಲ್ಲಿ ಹತ್ತಿಪ್ಪತ್ತು ಲೋಟ ಕಾಫಿ ಹೋಗುವ ಮನೆಯಾದರೆ ಕರೆಂಟಿನದ್ದೇ ತಗೊಳ್ಳಿ. ಬ್ಲೇಡಿನದ್ದು ಮಾತ್ರ ಬೇಡ.

ಪುಡಿ ಚಿರೋಟಿ ರವೆಗಿಂತ ಒಂಚೂರು ನುಣ್ಣಗಿರಲಿ. ಡಿಕಾಕ್ಷನ್ ಸರಸರ ಇಳಿದುಹೋದರೆ ಹಲ್ಲಿನ ಅಂತರ ಹೊಂದಿಸೋ ತಿರುಪನ್ನು ಒಂದು ಕ್ಲಿಕ್ ಬಿಗಿ ಮಾಡಿ, ತೊಟ್ಟಿಕ್ಕದೆ ನಿಂತರೆ ಒಂದು ಕ್ಲಿಕ್ ಸಡಿಲ ಮಾಡಿ. ಚಿಕೋರಿಯನ್ನು ಗ್ರೈಂಡರಿಗೆ ಹಾಕಲೇಬೇಡಿ, ತೇವ ಎಳೆದು ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅದರ ಪುಡಿ ತಂದು ಆಮೇಲೆ ಬೆರೆಸಿ. ಹಲ್ಲು ಚೊಕ್ಕ ಮಾಡಲು ಒಣ ಬ್ರಷ್ ಸಾಕು, ನೀರು ಬೇಡ.

ಅಂದ ಹಾಗೆ, ಹಲಗೆಗೆ ಸ್ಕ್ರೂ ಹೊಡೆದು ಕೂರಿಸುತ್ತಿದ್ದ ಬೀಡು ಕಬ್ಬಿಣದ ಹಳೇ ಕಾಫಿಪುಡಿ ಮಿಷನ್ ನಿಮ್ಮನೆ ಅಟ್ಟದ ಮೇಲಿದ್ದರೆ ಗುಜರಿಗೆ ಹಾಕಬೇಡಿ. ತುಕ್ಕು ಉಜ್ಜಿ ತೆಗೆದು, ಎರಡು ಮೂರು ಹಿಡಿ ಹಳೇ ಬೀಜ ಹಾಕಿ ತಿರುಗಿಸಿ, ಆ ಪುಡಿ ಚೆಲ್ಲಿ. ಹಲ್ಲು ಸವೆದಿಲ್ಲ ಅಂದರೆ ಹೊಸದು ಕೊಳ್ಳೋದೇ ಬೇಡ.