ಐನೂರು ಪೌಂಡು, ಒಂದು ಕೋಣೆ, ಮತ್ತು ಅರ್ಧಕ್ಕೇ ಬಿಟ್ಟ ನಾವು

ನಮ್ಮ ಓದುವ ಗುಂಪಿನಲ್ಲಿ ಈ ಸಲ ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಬರೆದ ‘ಎ ರೂಮ್ ಆಫ್ ಒನ್ಸ್ ಓನ್’ ಅನ್ನುವ ಉದ್ದದ ಪ್ರಬಂಧ ತೆಗೆದುಕೊಂಡಿದ್ದೆವು. ಏಳು ಜನರಲ್ಲಿ ಮುಗಿಸಿದ್ದು ಇಬ್ಬರು. ಉಳಿದವರು ಹೋಮ್‌ವರ್ಕ್ ಮಾಡದೆ ಬಂದ ಮಕ್ಕಳ ಹಾಗೆ ಕೂತಿದ್ದರು. ಒಬ್ಬಳು ಮಾತ್ರ ಧೈರ್ಯ ಮಾಡಿ, "ನಂಗೆ ಬೋರಾಯ್ತು ಕಣೇ. ಹೆಂಗಸಾಗಿ ಹೀಗನ್ನಬಾರದೇನೋ" ಅಂದಳು.

ಅನ್ನಬಹುದು ಮಾರಾಯ್ತಿ. ನಾನೂ ಇದನ್ನು ಎರಡು ಸಲ ಅರ್ಧಕ್ಕೆ ಬಿಟ್ಟವಳೇ. ಮೊದಲ ಸಲ ಇಪ್ಪತ್ತು ಪುಟ, ಎರಡನೇ ಸಲ ಮೂವತ್ತು. ಎರಡು ಸಲವೂ ರಾತ್ರಿ ಮಲಗುವ ಮುಂಚೆ, ದಿನಕ್ಕೆ ಎರಡು ಮೂರು ಪುಟದ ಲೆಕ್ಕದಲ್ಲಿ ಓದಲು ಹೊರಟಿದ್ದೆ. ಮಾರನೇ ದಿನ ಪುಸ್ತಕ ತೆರೆದರೆ ಈ ಹೆಂಗಸು ಯಾವ ಊರಲ್ಲಿದ್ದಾಳೆ, ಯಾರ ಜೊತೆ ಊಟಕ್ಕೆ ಕೂತಿದ್ದಾಳೆ ಅಂತಲೇ ನೆನಪಿರುತ್ತಿರಲಿಲ್ಲ.

ತೊಂದರೆ ಶುರುವಾಗುವುದು ಆ ಪ್ರಸಿದ್ಧ ಮಾತಿನಿಂದ. ಕಥೆ ಕಾದಂಬರಿ ಬರೆಯಬೇಕಾದರೆ ಹೆಣ್ಣಿಗೆ ಹಣ ಬೇಕು (ಆಕೆಯ ಲೆಕ್ಕದಲ್ಲಿ ವರ್ಷಕ್ಕೆ ಐನೂರು ಪೌಂಡು), ತನ್ನದೇ ಕೋಣೆ ಬೇಕು ಅನ್ನುವ ಮಾತು. ಪುಸ್ತಕ ಕೈಗೆ ಬರುವ ಎಷ್ಟೋ ಮೊದಲೇ ಅದು ಎಲ್ಲರಿಗೂ ಗೊತ್ತಿರುತ್ತದೆ. ಒಳಗೆ ಅದಕ್ಕೊಂದು ಖಡಕ್ ವಾದ ಇರುತ್ತದೆ, ಓದಿ ಮುಗಿಸಿದರೆ ಮೈಯಲ್ಲಿ ಹುರುಪು ಬರುತ್ತದೆ ಅಂದುಕೊಂಡು ಹೋಗುತ್ತೇವೆ. ಆಕೆಯೋ ಆ ಮಾತನ್ನು ಶುರುವಿನಲ್ಲೇ ಹೇಳಿ ಮುಗಿಸುತ್ತಾಳೆ. ಆಮೇಲೆ ನಮಗೆ ಸಿಗುವುದು ಒಂದು ನದಿ ದಂಡೆ, ಹುಲ್ಲುಹಾಸು, ಉದ್ದದ ಮಧ್ಯಾಹ್ನದೂಟ, ಬಾಲವಿಲ್ಲದ ಒಂದು ಬೆಕ್ಕು. ಸಿಟ್ಟು ಬರದೆ ಇನ್ನೇನು?

ನನಗೆ ಮೂರನೇ ಸಲ ದಾರಿ ಸಿಕ್ಕಿದ್ದು ಒಂದು ರೈಲಿನಲ್ಲಿ. ಐದು ಗಂಟೆ ಪ್ರಯಾಣ, ಫೋನಿಗೆ ಸಿಗ್ನಲ್ ಇಲ್ಲ, ಪಕ್ಕದವರು ಪುಣ್ಯಕ್ಕೆ ಮಲಗಿದ್ದರು. ಒಂದೇ ಉಸಿರಿಗೆ ನಾಲ್ಕು ಅಧ್ಯಾಯ ಓದಿದೆ. ಆಗ ಗೊತ್ತಾಯಿತು, ಇದು ಮೊದಲು ಭಾಷಣವಾಗಿದ್ದದ್ದು. 1928ರ ಅಕ್ಟೋಬರ್‌ನಲ್ಲಿ ಕೇಂಬ್ರಿಡ್ಜ್‌ನ ನ್ಯೂನಮ್ ಮತ್ತು ಗರ್ಟನ್ ಅನ್ನುವ ಎರಡು ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಆಕೆ ಮಾತಾಡಿದ್ದಳು. ಅದನ್ನೇ ಬೆಳೆಸಿ, ತಿದ್ದಿ 1929ರಲ್ಲಿ ಪುಸ್ತಕ ಮಾಡಿದ್ದು. ಬಾಯಲ್ಲಿ ಹೇಳುವವರು ಹೀಗೇ ಅಲ್ವಾ, ಅಲ್ಲಿ ಇಲ್ಲಿ ಸುತ್ತಿ ಬರುತ್ತಾರೆ. ಕೇಳುವವರು ಅಲುಗಾಡದೆ ಕೂತಿರಬೇಕು ಅಷ್ಟೆ.

ಆ ಸುತ್ತಾಟವೂ ಸುಮ್ನೆ ಅಲ್ಲ. ನದಿ ದಂಡೆಯಲ್ಲಿ ಆಕೆಗೊಂದು ಯೋಚನೆ ಹೊಳೆಯುತ್ತದೆ, ಗಾಳಕ್ಕೆ ಬಿದ್ದ ಪುಟ್ಟ ಮೀನಿನ ಹಾಗೆ. ಅದರ ಗುಂಗಿನಲ್ಲಿ ಹುಲ್ಲಿನ ಮೇಲೆ ಸರಸರ ನಡೆಯುತ್ತಾಳೆ. ಕಾಲೇಜಿನ ಕಾವಲುಗಾರ ಗಾಬರಿಯಿಂದ ಅಡ್ಡ ಬರುತ್ತಾನೆ: ಹುಲ್ಲು ಇಲ್ಲಿನ ವಿದ್ವಾಂಸರಿಗೆ, ಹೆಂಗಸರಿಗೆ ಜಲ್ಲಿ ದಾರಿ. ಮೀನು ಮಾಯ. ಆಮೇಲೆ ಲೈಬ್ರರಿ ಬಾಗಿಲಿಗೆ ಹೋದರೆ ಅಲ್ಲೊಬ್ಬ ಮುದುಕ ಮೆತ್ತಗೆ ಹೇಳುತ್ತಾನೆ, ಕಾಲೇಜಿನ ಫೆಲೋ ಒಬ್ಬರು ಜೊತೆಗಿರಬೇಕು, ಇಲ್ಲದಿದ್ದರೆ ಪರಿಚಯ ಪತ್ರ ಬೇಕು ಅಂತ. ಮತ್ತೆ ಯೋಚನೆ ತುಂಡಾಯಿತು. ಈ ಜಾಗಕ್ಕೆ ಆಕೆ ಹೆಸರಿಡುವುದು ಆಕ್ಸ್‌ಬ್ರಿಡ್ಜ್ ಅಂತ, ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಎರಡನ್ನೂ ಸೇರಿಸಿ ಕಲ್ಪನೆಯಲ್ಲಿ ಕಟ್ಟಿದ ಊರು. ಆದರೆ ನಿಜವಾದ ಕೇಂಬ್ರಿಡ್ಜ್ ಹೆಂಗಸರಿಗೆ ಪೂರ್ತಿ ಡಿಗ್ರಿ ಕೊಡಲು ಶುರು ಮಾಡಿದ್ದು 1948ರಲ್ಲಿ! ಅಂದರೆ ಅವತ್ತು ಆಕೆಯ ಮಾತು ಕೇಳಿಸಿಕೊಂಡ ಆ ಹುಡುಗಿಯರು ಅಲ್ಲೇ ಓದಿ, ಅಲ್ಲೇ ಪರೀಕ್ಷೆ ಪಾಸು ಮಾಡಿದರೂ ಆ ವಿಶ್ವವಿದ್ಯಾಲಯದ ಪೂರ್ತಿ ಸದಸ್ಯರಾಗುತ್ತಿರಲಿಲ್ಲ. ಇಷ್ಟು ಗೊತ್ತಾದ ಮೇಲೆ ಆ ಹುಲ್ಲುಹಾಸು ನನಗೆ ಬರೀ ಹುಲ್ಲಾಗಿ ಕಾಣಲಿಲ್ಲ.

ಊಟದ ವಿಷಯವೂ ಅಷ್ಟೇ. ಮಧ್ಯಾಹ್ನ ಗಂಡಸರ ಕಾಲೇಜಿನಲ್ಲಿ ಮೀನು, ಕೌಜುಗದ ಮಾಂಸ, ವೈನು. ರಾತ್ರಿ ಹೆಂಗಸರ ಕಾಲೇಜಿನಲ್ಲಿ ತಟ್ಟೆಯ ತಳ ಕಾಣುವಷ್ಟು ತೆಳ್ಳಗಿನ ಸೂಪು, ದನದ ಮಾಂಸ, ಆಲೂಗಡ್ಡೆ, ಕೊನೆಗೆ ಒಣ ಪ್ಲಮ್ಮು ಮತ್ತು ಕಸ್ಟರ್ಡ್. ಕುಡಿಯಲು ನೀರು. ಹೆಂಗಸರು ಬಡವರು ಅಂತ ಹತ್ತು ಪುಟ ಕೊರೆಯುವ ಬದಲು ಎರಡು ತಟ್ಟೆ ಪಕ್ಕಪಕ್ಕ ಇಟ್ಟುಬಿಟ್ಟಳು. ನಾನು ಮೊದಲೆರಡು ಸಲ ಈ ಪುಟಗಳನ್ನೇ ಹಾರಿಸಿದ್ದೆ ಅಂದರೆ ನೋಡಿ ನನ್ನ ಓದು.

ರೈಲಿನಲ್ಲೇ ಇನ್ನೊಂದು ಹೊಳೆದು ನಗು ಬಂತು. ಕಾದಂಬರಿಗಾರ್ತಿ ಜೇನ್ ಆಸ್ಟೆನ್‌ಗೆ ಸ್ವಂತ ಕೋಣೆ ಇರಲಿಲ್ಲ, ಎಲ್ಲರೂ ಓಡಾಡುವ ಹಜಾರದಲ್ಲಿ ಕೂತು ಬರೆದಳು, ಯಾರಾದರೂ ಬಂದರೆ ಹಾಳೆ ಮುಚ್ಚಿಡುತ್ತಿದ್ದಳು ಅಂತ ವುಲ್ಫ್ ಹೇಳುತ್ತಾಳೆ. ಪದೇ ಪದೇ ಯಾರೋ ಬಂದು ಯೋಚನೆ ಕಡಿಯುತ್ತಿದ್ದರೆ ಪದ್ಯಕ್ಕಿಂತ ಕಾದಂಬರಿ ಬರೆಯುವುದೇ ಸುಲಭ ಅನ್ನುವ ಅರ್ಥದ ಮಾತೂ ಬರುತ್ತದೆ. ಸರಿ. ಆದರೆ ಅಮ್ಮಾ ತಾಯಿ, ನಿನ್ನ ಈ ಪುಸ್ತಕವನ್ನು ನಡುನಡುವೆ ಎದ್ದು ಹೋಗುತ್ತಾ ಓದಲು ಸಾಧ್ಯವೇ ಇಲ್ಲವಲ್ಲ! ಪುಟಗಟ್ಟಲೆ ಹರಿಯುವ ಪ್ಯಾರಾಗಳು. ಕುಕ್ಕರ್ ಕೂಗಿತು ಅಂತ ಎದ್ದು ಬಂದರೆ ಎಳೆ ಕೈಗೆ ಸಿಗುವುದಿಲ್ಲ. ಕೋಣೆ ಇಲ್ಲದವರ ಬಗ್ಗೆ ಬರೆದ ಪುಸ್ತಕವನ್ನು ಓದಲು ಮೊದಲು ಒಂದು ಕೋಣೆ ಬೇಕು. ನಮ್ಮ ಗುಂಪಿನ ಐದು ಜನ ಸೋತಿದ್ದು ಬುದ್ಧಿ ಸಾಲದೆ ಅಲ್ಲ, ಬಿಡುವು ಸಾಲದೆ. ಮುಗಿಸಿದ ಇಬ್ಬರಲ್ಲಿ ಒಬ್ಬರು ನಿವೃತ್ತರು. ಇನ್ನೊಬ್ಬಳು ನಾನು, ಅದೂ ರೈಲಿನ ದಯೆಯಿಂದ.

ಹಾಗಂತ ಎಲ್ಲದಕ್ಕೂ ತಲೆಯಾಡಿಸಬೇಕಿಲ್ಲ. ಕೆಲವು ಕಡೆ ನನಗೆ ಇವತ್ತೂ ಮೈ ಉರಿಯುತ್ತದೆ. ಒಂದು ಕಡೆ ಕಪ್ಪು ಹೆಂಗಸಿನ ಬಗ್ಗೆ ಬರುವ ಸಾಲು ಓದಿದರೆ, ಇಲ್ಲಿ ‘ಹೆಂಗಸರು’ ಅಂದರೆ ಯಾವ ಬಣ್ಣದವರು ಅಂತ ಸ್ಪಷ್ಟವಾಗುತ್ತದೆ. ಹಾಗಾದರೆ ಹಣ, ಕೋಣೆ ಅತ್ತ ಇರಲಿ, ತನ್ನ ಮೈಯೇ ತನ್ನದಲ್ಲದ ಗುಲಾಮ ಕವಯಿತ್ರಿ ಫಿಲಿಸ್ ವೀಟ್ಲಿಯನ್ನು ಏನು ಮಾಡೋಣ ಅಂತ ಅಮೆರಿಕದ ಕಪ್ಪು ಲೇಖಕಿ ಆಲಿಸ್ ವಾಕರ್ ಕೇಳಿದ್ದು ಸರಿಯಾಗೇ ಇದೆ. ಶೇಕ್ಸ್‌ಪಿಯರ್‌ನಂಥ ಪ್ರತಿಭೆ ದುಡಿಯುವ, ಓದಿಲ್ಲದ ಜನರಲ್ಲಿ ಹುಟ್ಟುವುದಿಲ್ಲ ಅನ್ನುವ ಮಾತೂ ಇದೆ. ಇನ್ನು ವರ್ಷಕ್ಕೆ ಐನೂರು ಪೌಂಡ್ ಬಂದದ್ದು ಎಲ್ಲಿಂದ? ಕಥೆ ಹೇಳುವವಳ ಚಿಕ್ಕಮ್ಮನೋ ಅತ್ತೆಯೋ ಬಾಂಬೆಯಲ್ಲಿ ಕುದುರೆಯಿಂದ ಬಿದ್ದು ಸತ್ತು ಬಿಟ್ಟುಹೋದ ದುಡ್ಡದು. ಬಾಂಬೆ! ಬ್ರಿಟಿಷರ ಹೆಂಗಸು ಅಲ್ಲಿ ಕುದುರೆ ಮೇಲೆ ಯಾಕಿದ್ದಳು ಅಂತ ಪುಸ್ತಕ ಕೇಳುವುದಿಲ್ಲ. ಆದರೆ ಅದೇ ಜಾಗದಲ್ಲಿ ಒಂದು ಖಾರವಾದ ನಿಜವೂ ಇದೆ. ಹೆಂಗಸರಿಗೆ ಓಟಿನ ಹಕ್ಕು ಬಂದ ಹೊತ್ತಿಗೇ ಈ ದುಡ್ಡೂ ಬಂತು, ಎರಡರಲ್ಲಿ ದುಡ್ಡೇ ಎಷ್ಟೋ ಮುಖ್ಯ ಅನ್ನಿಸಿತು ಅಂತ ಆಕೆ ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಾಳೆ. ಹೀಗೆ ಬಾಯಿಬಿಟ್ಟು ಹೇಳುವವರು ಎಷ್ಟು ಜನ?

ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟೇ, ಬೇಕಾದರೆ ಮೂರನೇ ಅಧ್ಯಾಯದಿಂದ ಹಿಡಿಯಿರಿ. ವಿದ್ವಾಂಸರು ಬೈದರೆ ಬೈಯಲಿ. ಅಲ್ಲಿ ಜೂಡಿತ್ ಬರುತ್ತಾಳೆ, ವುಲ್ಫ್ ಕಲ್ಪಿಸಿಕೊಂಡ ಶೇಕ್ಸ್‌ಪಿಯರ್‌ನ ತಂಗಿ. ಅಣ್ಣನಷ್ಟೇ ಪ್ರತಿಭೆ, ಆದರೆ ಸ್ಕೂಲಿಲ್ಲ. ಮದುವೆ ಬೇಡವೆಂದರೆ ಅಪ್ಪನ ಏಟು. ಲಂಡನ್ನಿಗೆ ಓಡಿ ಹೋಗುತ್ತಾಳೆ, ನಾಟಕದ ಬಾಗಿಲಲ್ಲಿ ನಿಂತವಳನ್ನು ನೋಡಿ ಗಂಡಸರು ನಗುತ್ತಾರೆ, ಕನಿಕರ ತೋರಿಸಿದವನಿಂದಲೇ ಬಸುರಾಗುತ್ತಾಳೆ, ಒಂದು ಚಳಿಗಾಲದ ರಾತ್ರಿ ಪ್ರಾಣ ತೆಗೆದುಕೊಳ್ಳುತ್ತಾಳೆ. ಹೂತಿರುವುದು ಒಂದು ಕೂಡುರಸ್ತೆಯಲ್ಲಿ, ಈಗ ಅಲ್ಲಿ ಬಸ್ಸು ನಿಲ್ಲುತ್ತದೆ ಅಂತ ವುಲ್ಫ್ ಸೇರಿಸುತ್ತಾಳೆ. ಒಂದೆರಡು ಪುಟದ ಕಥೆ. ಅದನ್ನು ಓದಿದ ಮೇಲೆ ಹಿಂದಿನ ಮೀನು, ಹುಲ್ಲು, ಸೂಪು ತಾವಾಗೇ ಕರೆಯುತ್ತವೆ.

ಬೋರಾಯ್ತು ಅಂದ ಗೆಳತಿಗೆ ಹೀಗೇ ಹೇಳಿದ್ದೆ. ನಿನ್ನೆ ಮೆಸೇಜ್ ಮಾಡಿದ್ದಳು. ಆಫೀಸಿನಿಂದ ಬಂದು ಕಾರು ನಿಲ್ಲಿಸಿ, ಮನೆಯೊಳಗೆ ಹೋಗದೆ ಅರ್ಧ ಗಂಟೆ ಕಾರಲ್ಲೇ ಕೂತು ಓದುತ್ತಿದ್ದಾಳಂತೆ. ಜೂಡಿತ್ ಮುಗಿಯಿತಂತೆ. "ಎಲ್ಲಾ ಸರಿ, ಆ ಬೆಕ್ಕಿಗೆ ಬಾಲ ಯಾಕಿಲ್ಲ?" ಅಂತ ಕೇಳಿದ್ದಾಳೆ. ಗೊತ್ತಿದ್ದವರು ಕಾಮೆಂಟಲ್ಲಿ ಹೇಳಿ, ನಾನು ಇನ್ನೂ ಉತ್ತರ ಕೊಟ್ಟಿಲ್ಲ.