ಎಲ್1ರ ಖಾನೆ

ಕಲಬುರಗಿಯಲ್ಲಿ ನಡೆದ ಇಂಗ್ಲಿಷ್ ಶಿಕ್ಷಕರ ತರಬೇತಿಯ ಮೊದಲ ದಿನ ನಮಗೆ ಕೊಟ್ಟ ನಮೂನೆಯಲ್ಲಿ ಹೆಸರು, ಶಾಲೆ, ಸೇವಾವಧಿಗಳ ಕೆಳಗೆ ‘ಎಲ್1’, ಅಂದರೆ ಮೊದಲ ಭಾಷೆ, ಎಂಬ ಖಾನೆಯಿತ್ತು. ನಾನು ಕನ್ನಡವೆಂದು ಬರೆದು ಪೆನ್ನು ಮುಚ್ಚಿದೆ. ಪಕ್ಕದಲ್ಲಿದ್ದ ಗೆಳೆಯರು ಮಾತ್ರ ಚಹಾ ಬರುವವರೆಗೂ ಅದೇ ಖಾನೆಯನ್ನು ದಿಟ್ಟಿಸುತ್ತಿದ್ದರು. ಅವರ ತಾಯಿ ಆಳಂದದ ಗಡಿಭಾಗದ ಮರಾಠಿಯವರು, ತಂದೆ ಸೇಡಂ ಕಡೆಯ ತೆಲುಗಿನವರು. ಗಲ್ಲಿಯಲ್ಲಿ ಗೋಲಿಯಾಡಿದ್ದು ದಖನಿ ಉರ್ದುವಿನಲ್ಲಿ, ಅಕ್ಷರ ತಿದ್ದಿದ್ದು ಕನ್ನಡದಲ್ಲಿ.

“ಅವ್ವ ಬೈದಿದ್ದು ಮರಾಠಿಯೊಳಗ, ಅಪ್ಪ ಹೊಡೆದಿದ್ದು ತೆಲುಗಿನ್ಯಾಗ. ಯಾವುದು ಮೊದಲ ಅಂತ ಹೆಂಗ ಹೇಳ್ಲಿ ಸರ?” ಎಂದು ಅವರು ಕೇಳಿದಾಗ, ತರಬೇತುದಾರರು ಲೆಕ್ಕ ಮಾಡುವುದು ಯಾವ ಭಾಷೆಯಲ್ಲಿ ಎಂದು ವಿಚಾರಿಸಿದರು. ಮಗ್ಗಿ ಕನ್ನಡದಲ್ಲಿ, ಕಿರಾಣಿ ಅಂಗಡಿಯ ಉದ್ರಿ ದಖನಿಯಲ್ಲಿ ಎಂಬ ಉತ್ತರ ಬಂತು. ಹಾಗಾದರೆ ಕನಸು?

“ಕನಸಿನ್ಯಾಗ ಸಾಹೇಬ್ರು ತಪಾಸಣಾಕ ಬರ್ತಾರ, ಇಂಗ್ಲಿಷಿನ್ಯಾಗ ಕೇಳ್ತಾರ, ನಾ ಸುಮ್ಮ ನಿಂತಿರ್ತೀನಿ.”

ಕನ್ನಡವೆಂದು ಬರೆದುಬಿಡಿ ಎಂದರು ತರಬೇತುದಾರರು. ಗೆಳೆಯರು ಒಪ್ಪದೆ, ಅಂಗುಲದಷ್ಟು ಜಾಗದಲ್ಲಿ ನಾಲ್ಕೂ ಭಾಷೆಗಳನ್ನು ಇರುವೆಸಾಲಿನಂತೆ ಬರೆದರು, ತಾಯಿಯದೇ ಮೊದಲು.

ಭಾಷೆಗಳಿಗೆ ಹೀಗೆ ನಂಬರು ಹಚ್ಚುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ 125 ಅಂಕದ ಪ್ರಥಮ ಭಾಷೆ, ಇಂಗ್ಲಿಷ್ 100 ಅಂಕದ ದ್ವಿತೀಯ ಭಾಷೆ. ಮನೆಯಲ್ಲಿ ಲಂಬಾಣಿಯಾಡುವ ತಾಂಡಾದ ಹುಡುಗಿಗೆ ಇವು ಎಷ್ಟನೆಯವೆಂದು ಯಾರೂ ಕೇಳುವುದಿಲ್ಲ. ತರಬೇತಿಯ ಪುಸ್ತಕಕ್ಕೆ ಇನ್ನೊಂದು ಚಿಂತೆ: ಇಂಗ್ಲಿಷ್ ಇವಳಿಗೆ ‘ಎರಡನೆಯ ಭಾಷೆ’ಯೋ, ತರಗತಿಯ ಹೊರಗೆ ಬಳಕೆಯಿಲ್ಲದ ‘ವಿದೇಶಿ ಭಾಷೆ’ಯೋ? ರೀಚಾರ್ಜು, ಚಾರ್ಜರು, ನೆಟ್‌ವರ್ಕು ಎಂದು ದಿನವಿಡೀ ಆಡುವ ಹುಡುಗಿ ಪಾಠದ ಒಂದು ವಾಕ್ಯ ಓದಲು ಬೆವರುತ್ತಾಳೆ. ಅವಳನ್ನು ಯಾವ ಖಾನೆಗೆ ತಳ್ಳುವುದೋ ಆ ಪುಸ್ತಕವೇ ಹೇಳಲಿ.

ಮಧ್ಯಾಹ್ನ ಊಟವಾದ ಮೇಲೆ ‘ಫಾಸಿಲೈಸೇಶನ್’, ಅಂದರೆ ಭಾಷೆ ಕಲಿಯುವವರ ತಪ್ಪು ಪಳೆಯುಳಿಕೆಯಂತೆ ಗಟ್ಟಿಯಾಗಿ ನಿಂತುಬಿಡುವುದು, ಪಾಠಕ್ಕೆ ಬಂತು. 1972ರ ಲೇಖನವೊಂದರಲ್ಲಿ ಭಾಷಾವಿಜ್ಞಾನಿ ಲ್ಯಾರಿ ಸೆಲಿಂಕರ್ ಬಳಸಿದ ಈ ಶಬ್ದದ ಪ್ರಕಾರ, ಬರಿ ‘ಡಿಸ್ಕಸ್’ ಸಾಕಾದಲ್ಲಿ ಎಷ್ಟು ತಿದ್ದಿದರೂ ಬಿಡದೆ ‘ಡಿಸ್ಕಸ್ ಅಬೌಟ್’ ಎನ್ನುತ್ತಲೇ ಬಂದಿರುವ ನನ್ನ ನಾಲಗೆಯ ಆ ಭಾಗ ಶಹಾಬಾದಿನ ಫರಸಿಯಂತೆ ಕಲ್ಲಾಗಿದೆ. ತೂಕಡಿಸುತ್ತಿದ್ದ ನನಗೆ ಅವಮಾನವೆನಿಸಿತು, ನಿದ್ದೆಯೂ ಹಾರಿತು.

ಮರುದಿನ ಬೆಳಿಗ್ಗೆ ಜೇವರ್ಗಿಯಲ್ಲಿ ಬಸ್ಸು ಹತ್ತಿ, ಊರು ಹೆಸರು ಬದಲಿಸಿಕೊಂಡದ್ದು 2014ರಲ್ಲಿಯೇ ಎಂಬುದನ್ನು ಮರೆತು, “ಒಂದು ಗುಲಬರ್ಗಾ ಕೊಡ್ರಿ” ಎಂದೆ. ಕಂಡಕ್ಟರು ಚಕಾರವೆತ್ತದೆ ಟಿಕೆಟು ಕೊಟ್ಟರು. ಅದರ ಮೇಲೆ ಕಲಬುರಗಿ ಎಂದಿತ್ತು.