ಸಮುದ್ರ ಬ್ಯಾಡ್ರಿ ಸಾಹೇಬ್ರ, ಉಸುಕು ಕೊಡ್ರಿ

ಏಷ್ಯಾ ಬೀಚ್ ವಾಲಿಬಾಲ್ ಟೂರಿನ ಒಂದು ಸುತ್ತು ಕಲಬುರಗಿಯಲ್ಲೇ ಆಗಲಿ ಎಂದು ನಾಳೆ ಯಾರಾದರೂ ವೇದಿಕೆ ಮೇಲೆ ಘೋಷಿಸಿದರೆ ಮುಂದೇನಾಗುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಮೊದಲ ಸಭೆಯಲ್ಲೇ ಒಬ್ಬರು ಏಳುತ್ತಾರೆ: "ಸಾಹೇಬ್ರ, ಬೀಚ್ ಅಂದ್ಮ್ಯಾಲ ಸಮುದ್ರ ಬೇಕಲ್ರಿ?" ಅಲ್ಲಿಗೆ ಕೃತಕ ಅಲೆಯ ಕೊಳವೊಂದು ಅಂದಾಜುಪಟ್ಟಿಗೆ ಸೇರುತ್ತದೆ. ಅಲೆಗಳ ಅಧ್ಯಯನಕ್ಕೆ ಗೋವಾ ಪ್ರವಾಸವೂ.

ಈ ಆಟಕ್ಕೆ ಸಮುದ್ರದ ಹಂಗೇ ಇಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕುದುರೆ ದಳದ ಕವಾಯತು ಮೈದಾನದಲ್ಲಿ ಆಡಿದರು, 2024ರಲ್ಲಿ ಪ್ಯಾರಿಸಿನ ಐಫೆಲ್ ಗೋಪುರದ ಬಳಿ. ಸ್ವಿಟ್ಜರ್ಲೆಂಡಿನ ಬೆಟ್ಟದ ಊರು ಗ್ಸ್ಟಾಡಿನಲ್ಲಿ ವರ್ಷಗಟ್ಟಲೆ ಟೂರ್ನಿ ನಡೆದಿದೆ. ಅಲ್ಲೆಲ್ಲ ಹೊರಗಿಂದ ತಂದು ಸುರಿದದ್ದು ಉಸುಕನ್ನು ಮಾತ್ರ.

ಅಂಕಣ 16 ಮೀಟರ್ ಉದ್ದ, 8 ಮೀಟರ್ ಅಗಲ. ಸುತ್ತ ಕನಿಷ್ಠ 3 ಮೀಟರ್ ಖಾಲಿ ಜಾಗ, ಉಸುಕಿನ ಆಳ ಕನಿಷ್ಠ 40 ಸೆಂಟಿಮೀಟರ್. ಗುಣಿಸಿದರೆ 123 ಘನ ಮೀಟರ್, ಅಂದರೆ ಇನ್ನೂರು ಟನ್ ಆಸುಪಾಸು. ಹತ್ತು ಟನ್ನಿನ ಟಿಪ್ಪರಿಗೆ ಇಪ್ಪತ್ತು ಟ್ರಿಪ್. ದೊಡ್ಡ ಟೂರ್ನಿಗೆ ಸುತ್ತಲಿನ ಜಾಗ 5 ಮೀಟರ್ ಆದರೆ ಟ್ರಿಪ್ ಮೂವತ್ತು. ಭೀಮಾ ದಂಡೆಯಲ್ಲಿ ಇಷ್ಟನ್ನು ಒಂದೇ ರಾತ್ರಿಯಲ್ಲಿ ಎತ್ತಬಲ್ಲವರು ಅಫಜಲಪುರದಿಂದ ಯಾದಗಿರಿವರೆಗೆ ಇದ್ದಾರೆ. ಹಗಲು ಹೊತ್ತಿನಲ್ಲಿ, ಪರವಾನಗಿ ಚೀಟಿ ಹಿಡಿದು ಎತ್ತುವವರನ್ನು ಮಾತ್ರ ಹುಡುಕಬೇಕು.

ಉಸುಕು ತೊಳೆದದ್ದಾಗಿರಬೇಕು. ಕಲ್ಲು, ಚಿಪ್ಪು, ಮಣ್ಣು ಇರಬಾರದು. ಕಾಳು ಬಹುಪಾಲು ಅರ್ಧದಿಂದ ಒಂದು ಮಿಲಿಮೀಟರ್. ಪರೀಕ್ಷೆ ಗೌಂಡಿಗೂ ಗೊತ್ತು: ಬಾಟಲಿಗೆ ಅರ್ಧ ಉಸುಕು, ಮೇಲೆ ನೀರು ಹಾಕಿ ಅಲ್ಲಾಡಿಸಿ ಇಡುವುದು. ಮೇಲೆ ದಪ್ಪಗೆ ರಾಡಿ ಕೂತರೆ ಲಾರಿ ವಾಪಸ್. ಆದರೆ ಬಾಟಲಿ ತರುವ ಮೊದಲೇ ಲಾರಿ ಖಾಲಿಯಾಗಿರುತ್ತದೆ, ಅದೂ ಎಂ-ಸ್ಯಾಂಡ್. ಒಡೆದ ಕಲ್ಲಿನ ಚೂಪು ಕಾಳು. ಡೈವ್ ಹೊಡೆದವನ ಮೊಣಕೈ ಚರ್ಮ ಅಲ್ಲೇ ಉಳಿಯುತ್ತದೆ. ಎಂ-ಸ್ಯಾಂಡಿನ ಪುಡಿಗೆ ನೀರು ಚಿಮುಕಿಸಿದರೆ ಗಟ್ಟಿಯಾಗಿ ಕೂರುತ್ತದೆ. ಚಿಮುಕಿಸದೆ ಗತಿಯಿಲ್ಲ. ಉದ್ಘಾಟಕರಿಗೆ ಬಿಡುವು ಸಿಗುವುದು ಮೇ ತಿಂಗಳಲ್ಲಿ, 42 ಡಿಗ್ರಿಯಲ್ಲಿ. ಆಗ ಒಣ ಉಸುಕಿನ ಮೇಲೆ ಬರಿಗಾಲಿಡುವುದು ಕೊಂಡ ಹಾಯ್ದಂತೆ. ನಲ್ಲಿಗೇ ನೀರಿಲ್ಲದ ಓಣಿಯ ಮುಂದೆ ಉಸುಕು ತೋಯಿಸಲು ಟ್ಯಾಂಕರ್ ಹಾದುಹೋಗುವ ದೃಶ್ಯಕ್ಕೆ ಟಿಕೆಟ್ಟೇ ಬೇಡ.

ಇನ್ನು ಬುಡ. ನಮ್ಮದು ಎರಿ ಭೂಮಿ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ನೇರ ಅದರ ಮೇಲೆಯೇ ಸುರಿದರೆ ಒಂದಿಷ್ಟು ಉಸುಕು ಬಿರುಕಿಗೆ ಇಳಿದು, ಉಳಿದದ್ದು ಮೊದಲ ಮಳೆಗೆ ರಾಡಿಯಾಗುತ್ತದೆ. ಎರಿಯನ್ನು ಅಗೆದು ತೆಗೆದು, ಇಳಿಜಾರು ಕೊಟ್ಟು, ತೂತಿನ ಪೈಪು ಹಾಕಿ, ಅದರ ಮೇಲೆ ಖಡಿ, ಖಡಿಯ ಮೇಲೆ ನೀರು ಬಿಟ್ಟು ಉಸುಕು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಆಮೇಲೆ ಉಸುಕು. ಹೂತುಹೋಗುವ ಕೆಲಸವಾದ್ದರಿಂದ ಇದೆಲ್ಲ ಬಿಲ್ಲಿನಲ್ಲಿ ಇದ್ದರೆ ಸಾಕು. "ಗಟ್ಟಿ ಇರ್ಲಿ ಬಿಡ್ರಿ" ಎಂದು ಶಹಾಬಾದ ಫರಶಿ ಹಾಸಿ ಮೇಲೆ ನಾಲ್ಕಿಂಚು ಉಸುಕು ಎಳೆದರೂ ಫೋಟೊದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಹಾರಿ ಇಳಿದವನ ಮೊಣಕಾಲಿಗೆ.

ಗೆರೆಗೆ ಬೇಕಾದ್ದು 5 ಸೆಂಟಿಮೀಟರ್ ಅಗಲದ ಗಾಢ ಬಣ್ಣದ ಪಟ್ಟಿ, ಮೂಲೆಗಳಲ್ಲಿ ಉಸುಕಿನೊಳಗೆ ಹೂತು ಬಿಗಿದದ್ದು. ನಮ್ಮಲ್ಲಿ ಕಬಡ್ಡಿಗೆ ಉಳಿದ ಸುಣ್ಣದ ಪುಡಿ ಬಳಿಯುತ್ತಾರೆ. ಉಸುಕಿನ ಮೇಲೆ ಅದು ಹತ್ತು ನಿಮಿಷ ನಿಲ್ಲದು, ಆದರೆ ಆಟಗಾರನ ಕಣ್ಣಿನಲ್ಲಿ ಸಂಜೆವರೆಗೂ ನಿಲ್ಲುತ್ತದೆ. ಚೆಂಡಿನ ಕಥೆಯೂ ಅಷ್ಟೇ. ಒಳಾಂಗಣ ಚೆಂಡಿನ ಒತ್ತಡ ಚದರ ಸೆಂಟಿಮೀಟರಿಗೆ 0.30 ಕೆ.ಜಿ. ಮೇಲಿದ್ದರೆ ಇದರದ್ದು 0.175ರಿಂದ 0.225. ಉಗ್ರಾಣದವರಿಗೆ ಮೆತ್ತಗಿನ ಚೆಂಡು ಕಂಡರೆ ಕರುಳು ಚುರ್ ಎನ್ನುತ್ತದೆ. "ಗಾಳಿ ಕಮ್ಮಿ ಅದ" ಎಂದು ಟಣ್ ಎನ್ನುವ ತನಕ ಪಂಪು ಹೊಡೆಯುತ್ತಾರೆ.

ನಿಜವಾದ ಬಿಕ್ಕಟ್ಟು ನಿಯಮ ಪುಸ್ತಕದಲ್ಲಿದೆ. ತಂಡಕ್ಕೆ ಇಬ್ಬರೇ, ಬದಲಿ ಆಟಗಾರರಿಲ್ಲ. ಶಿಫಾರಸು ಪತ್ರ ಹಿಡಿದು ಬಂದವರನ್ನೆಲ್ಲ ಎಲ್ಲಿ ಕೂರಿಸುವುದು? ಮ್ಯಾನೇಜರ್, ಸಹ ಮ್ಯಾನೇಜರ್, ಉಸುಕು ಉಸ್ತುವಾರಿ ಎಂದು ಹುದ್ದೆ ಹುಟ್ಟಿಸಬೇಕು. ಬಿಸಿಲು, ಗಾಳಿ ಒಬ್ಬರಿಗೇ ಕಾಡದಿರಲೆಂದು ಮೊದಲೆರಡು ಸೆಟ್ಟುಗಳಲ್ಲಿ ಏಳು ಪಾಯಿಂಟಿಗೊಮ್ಮೆ, ಮೂರನೆಯದರಲ್ಲಿ ಐದಕ್ಕೊಮ್ಮೆ ಪಕ್ಕ ಬದಲಿಸುತ್ತಾರೆ. ಸಂಪೂರ್ಣ ಅರ್ಥವಾದ ನಿಯಮ ಇದೊಂದೇ ಎಂಬಂತೆ ವೇದಿಕೆಯ ಗಣ್ಯರು ತಲೆದೂಗುವರು. ತಂಡ ಕೇಳುವ ಟೈಮ್ ಔಟ್ 30 ಸೆಕೆಂಡು ಎಂದಾಗ ಮಾತ್ರ ಮುಖ ಬಾಡುತ್ತದೆ. ಅಷ್ಟರಲ್ಲಿ ವೇದಿಕೆ ಮೇಲಿನವರ ಹೆಸರು ಓದಿ ಮುಗಿಯುವುದಿಲ್ಲ.

ಕಪ್ ಕೊಟ್ಟ ರಾತ್ರಿಯೇ ಅಂಕಣದ ಮುಂದೆ ಟಿಪ್ಪರ್ ಸಾಲುಗಟ್ಟುತ್ತವೆ. ಕಟ್ಟುತ್ತಿರುವ ಮನೆಗಳಿಗೆ ತೊಳೆದ ಉಸುಕು ಸಿಗುವುದೇ ಅಪರೂಪ. ಬೆಳಗ್ಗೆ ತನಿಖೆಗೆ ಬಂದವರು ಫರಶಿ ಎಣಿಸಿ, ಇನ್ನೂರು ಟನ್ ಗಾಳಿಗೆ ಹಾರಿಹೋಗಿದೆ ಎಂದು ವರದಿ ಬರೆದು, ಆ ರಾತ್ರಿಯ ಗಾಳಿಯ ವೇಗ ತಿಳಿಸುವಂತೆ ಹವಾಮಾನ ಇಲಾಖೆಗೆ ಪತ್ರ ಹಾಕುತ್ತಾರೆ.